ಗಂಗತ್ತಿಯ ಬೆನ್ನು ಮತ್ತು ಕರಾರು ಕಾಯ್ದೆ

ಎದುರು ಮನೆಯವರು ಒಂದು ಡಬ್ಬಿ ತುಂಬ ಗುಗ್ಗರಿ ಕಳಿಸಿದ್ದಾರೆ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟರಂತೆ. ಬೆಂದ ಗೋಧಿ, ಬೆಂದ ಕಡಲೆ, ಅದಕ್ಕೆ ಬೆಲ್ಲ, ಮೇಲೆ ಹೆರೆದ ಒಣಕೊಬ್ಬರಿ. ಮುಚ್ಚಳ ತೆಗೆದ ಕೂಡಲೆ ಆ ಬಿಸಿ ವಾಸನೆ ಮೂಗಿಗೆ ಬಂತು. ನನ್ನ ಕೈ ತಾನಾಗಿಯೇ ಬೆನ್ನಿನ ಕಡೆ ಹೋಯಿತು. ಗುಗ್ಗರಿ ಎಂದರೆ ನಿಮಗೆ ಬಾಯಲ್ಲಿ ನೀರು ಬರಬಹುದು. ನನಗೆ ಮಾತ್ರ ಮೊದಲು ಬೆನ್ನು ನೆನಪಾಗುತ್ತದೆ, ಆಮೇಲೆ ಕರಾರು ಕಾಯ್ದೆ, ಕೊನೆಗೆ ಬಾಯಲ್ಲಿ ನೀರು. ಇದು ಹೀಗೇಕೆ ಎಂದು ಹೇಳಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ನಿಮಗೆ ಅವಸರವಿಲ್ಲ ಎಂದುಕೊಳ್ಳುತ್ತೇನೆ. ನನಗಂತೂ ಇಲ್ಲ, ನಾನು ನಿವೃತ್ತಳು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು ಹೇಳಬೇಕು. ಕೂಸಿನ ತಂದೆಯ ಅಕ್ಕನೋ ತಂಗಿಯೋ, ಅಂದರೆ ಸೋದರತ್ತೆ, ತೊಟ್ಟಿಲ ಮೇಲೆ ಬಾಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳುತ್ತಾಳೆ. ಅವಳು ಬಾಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆ ಗುದ್ದಬೇಕು ಎಂದು ನಮ್ಮಜ್ಜಿಯನ್ನು ಕೇಳಿದರೆ, “ಗುದ್ದಿದರ ಹೆಸರು ಗಟ್ಟಿ ಕುಂದರತೈತಿ” ಎನ್ನುತ್ತಿದ್ದಳು. ನನ್ನ ಅನುಮಾನ ಬೇರೆ. ಗಂಡನ ಅಕ್ಕತಂಗಿಯರ ಬೆನ್ನು ಸೊಸೆಯಂದಿರ ಕೈಗೆ ಅಷ್ಟು ಅನುಕೂಲವಾಗಿ, ಅದೂ ಅತ್ತೆಯ ಎದುರಿಗೇ, ಸಿಗುವುದು ಅದೊಂದು ದಿನ ಮಾತ್ರ. ಹೀಗಾಗಿ ಹಳೆಯ ಲೆಕ್ಕಗಳೆಲ್ಲ ಅಲ್ಲಿಯೇ ಚುಕ್ತಾ ಆಗುತ್ತಿದ್ದವು.

ನನ್ನ ಹೆಸರಿಟ್ಟವಳು ಗಂಗತ್ತಿ. ಅಪ್ಪನ ಅಕ್ಕ, ಮುದ್ದೇಬಿಹಾಳಕ್ಕೆ ಕೊಟ್ಟ ಹೆಣ್ಣುಮಗಳು. ಎತ್ತರದ ಆಳು, ಅದಕ್ಕೆ ತಕ್ಕ ದನಿ. ಅವಳು ಬಸವನ ಬಾಗೇವಾಡಿಯ ನಮ್ಮ ಮನೆಗೆ ಬಂದರೆ ಬೀದಿಯ ತುದಿಯಲ್ಲೇ ಗೊತ್ತಾಗುತ್ತಿತ್ತು. ಅವ್ವ ತಾನಾಗಿಯೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಅಂಥ ನಾದಿನಿ ತೊಟ್ಟಿಲ ಮೇಲೆ ಬಾಗಿದಾಗ ಅವ್ವನ ತವರಿನ ಹೆಂಗಸರು ಬಿಟ್ಟಾರೆಯೇ? ಗುದ್ದು ಬಿದ್ದ ಸದ್ದು ಹೊರಗೆ ಕಟ್ಟೆಯ ಮೇಲೆ ಕೂತ ಅಜ್ಜನಿಗೂ ಕೇಳಿಸಿತಂತೆ. ಉಸಿರು ಸಿಕ್ಕಿಬಿದ್ದ ಗಂಗತ್ತಿ ಕೂಗಿದಳು: “ಬಿಡ್ರೆವ್ವಾ, ಸಾಕು ಬಿಡ್ರಿ. ಈ ಕೂಸನ್ನ ನನ್ನ ಮಗಗ ತಗೋತೇನಿ, ಬಿಡ್ರಿನ್ನ.”

ಎಲ್ಲರೂ ನಕ್ಕರು, ಗುದ್ದು ನಿಂತಿತು. ಅಜ್ಜ ಕಟ್ಟೆಯಿಂದ ಎದ್ದು ಒಳಗೆ ಬಂದ. “ಹೆಸರೂ ಆತು, ಮಾತೂ ಆತು” ಎಂದು ಮಗಳ ಬಾಯಿಗೆ ಸಕ್ಕರೆ ಹಾಕಿದ. ನಮ್ಮಲ್ಲಿ ಸಕ್ಕರೆ ಬಾಯಿಗೆ ಬಿತ್ತೆಂದರೆ ಮುಗಿಯಿತು, ಮಾತು ಗಟ್ಟಿಯಾದಂತೆ. ನಾನು ಆಗತಾನೆ ಹೆಸರು ಬಂದವಳು. ವರ ಎನಿಸಿದ ಶಿವಾನಂದ ಪಡಸಾಲೆಯ ಕಂಬಕ್ಕೆ ಒರಗಿ, ಮುಷ್ಟಿ ತುಂಬ ಗುಗ್ಗರಿ ಹಿಡಿದುಕೊಂಡು ನಿದ್ದೆ ಮಾಡುತ್ತಿದ್ದನಂತೆ.

ಅಲ್ಲಿಂದ ಮುಂದೆ ನಾನು ಬಾಗೇವಾಡಿಯಲ್ಲಿದ್ದರೂ ‘ಮುದ್ದೇಬಿಹಾಳದಾಕಿ’ ಆದೆ. ಶಿವು ರಜೆಗೆ ಬಂದರೆ ಓಣಿಯ ಹುಡುಗಿಯರು ಕಿಸಕಿಸ ನಗುತ್ತಿದ್ದರು. ನಾವಿಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸಿದ್ದು ನೆನಪಿಲ್ಲ. ಅವನಿಗೆ ಬೇಕಾಗಿದ್ದದ್ದು ನಮ್ಮ ಮನೆಯ ರೇಡಿಯೋ. ಅದನ್ನು ಬಿಚ್ಚಿ ಹಾಸಿಗೆಯ ಮೇಲೆ ಹರಡಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. ದೊಡ್ಡವನಾದ ಮೇಲೆ ಮುದ್ದೇಬಿಹಾಳದಲ್ಲಿ ಸುಟ್ಟ ಪಂಪುಸೆಟ್ಟು ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟ. ಒಳ್ಳೆಯ ಹುಡುಗ. ಆ ಮಾತನ್ನು ಎಲ್ಲರೂ ನನಗೆ ಎಷ್ಟು ಸಲ ಹೇಳಿದ್ದರೆಂದರೆ ಒಳ್ಳೆಯ ಹುಡುಗರ ಮೇಲೆಯೇ ನನಗೆ ಬೇಸರ ಬಂದಿತ್ತು.

ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರಕ್ಕೆ ಕಾನೂನು ಓದಲು ಹೋದೆ. ಕಳಿಸಿದವನು ಅಪ್ಪನೇ. ಅಪ್ಪನದು ಬಟ್ಟೆಯ ಅಂಗಡಿ. ಅಂಗಡಿಯ ಗೋಡೆಯ ಬಗ್ಗೆ ಪಕ್ಕದವರೊಂದಿಗೆ ಒಂದು ವ್ಯಾಜ್ಯವಿತ್ತು. ವಕೀಲರ ಮನೆಗೆ ಓಡಾಡಿ ಚಪ್ಪಲಿ ಸವೆಸಿದ್ದ ಅಪ್ಪ, “ಮನ್ಯಾಗ ಒಬ್ಬರಾದರೂ ವಕೀಲರಿರಲಿ” ಎಂದ. ಮದುವೆಯಾಗುವ ತನಕ ಹುಡುಗಿ ಎಲ್ಲೋ ಒಂದು ಕಡೆ ಕೂರಬೇಕು, ಕಾಲೇಜಿನಲ್ಲಿ ಕೂರಲಿ ಎಂಬುದು ಅವನ ಲೆಕ್ಕವಿರಬೇಕು. ಆ ಲೆಕ್ಕ ನನಗಿರಲಿಲ್ಲ. ಮೊದಲ ದಿನ ಕರಿ ಕೋಟು ನೋಡಿದಾಗಲೇ ಅದು ನನ್ನ ಅಳತೆಗೆ ಹೊಲಿದದ್ದು ಅನ್ನಿಸಿಬಿಟ್ಟಿತು.

ಕರಾರು ಕಾಯ್ದೆ ಕಲಿಸುವ ಮಾಸ್ತರರು ಇಂಡಿ ತಾಲೂಕಿನ ಕಡೆಯವರು. ಹಗಲು ಕೋರ್ಟಿನಲ್ಲಿ ವಾದ, ಸಂಜೆ ನಮಗೆ ಪಾಠ. ಕೋಟು ಮಾತ್ರ ಎರಡಕ್ಕೂ ಒಂದೇ. ಆ ಕಡೆಯ ನಿಂಬೆಕಾಯಿ ಬಿಟ್ಟು ಬೇರೆ ಉದಾಹರಣೆ ಅವರಿಗೆ ಒಗ್ಗುತ್ತಿರಲಿಲ್ಲ. “ಅ ಅನ್ನಾಂವ ಬ ಅನ್ನಾಂವಗ ಒಂದು ಗಾಡಿ ನಿಂಬಿಕಾಯಿ ಕೊಡ್ತೇನಿ ಅಂದ. ಇದು ಪ್ರಸ್ತಾವ. ಬ ಹೂಂ ಅಂದ. ಇದು ಒಪ್ಪಿಗಿ. ಬ ಏನೂ ಅನ್ನಲಿಲ್ಲ, ಸುಮ್ಮ ಕುಂತ. ಇದು?” ಎಂದು ಕೇಳಿ, ನಾವು ಯಾರೂ ಬಾಯಿ ಬಿಡದಿದ್ದಾಗ, “ಇದು ನಿಮ್ಮ ಕ್ಲಾಸು. ಸುಮ್ಮ ಕುಂತರ ಒಪ್ಪಿಗಿ ಅಲ್ಲ” ಎನ್ನುತ್ತಿದ್ದರು. ಪ್ರತಿಫಲವಿಲ್ಲದೆ, ಅಂದರೆ ಮಾತಿಗೆ ಬದಲಾಗಿ ಏನಾದರೂ ಕೈಗೆ ಬಾರದೆ, ಕರಾರಿಲ್ಲ, ಆದರೆ ಪ್ರತಿಫಲ ಎಷ್ಟು ಸಣ್ಣದಾದರೂ ನಡೆಯುತ್ತದೆ ಎಂದು ಹೇಳಿದ ದಿನ ಕೋಟಿನ ಕಿಸೆಯಿಂದ ನಿಜವಾದ ಒಂದು ನಿಂಬೆಕಾಯಿ ತೆಗೆದು ಮೇಜಿನ ಮೇಲಿಟ್ಟಿದ್ದರು. ಅವರ ಪಾಠವಿದ್ದ ದಿನ ಹಾಸ್ಟೆಲಿನಲ್ಲಿ ಉಪ್ಪಿನಕಾಯಿ ಯಾರಿಗೂ ಬೇಡವಾಗುತ್ತಿತ್ತು.

ಶನಿವಾರ ಊರಿಗೆ ಬಂದರೆ ನಾನು ಪಡಸಾಲೆಯಲ್ಲಿ ಕೂತು, ಇಂಗ್ಲಿಷಿನಲ್ಲಿದ್ದದ್ದನ್ನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಂಡು ಬಾಯಿಪಾಠ ಮಾಡುತ್ತಿದ್ದೆ. ಅಜ್ಜಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳುತ್ತಿದ್ದಳು.

“ಈ ಅ ಯಾರು? ಯಾವೂರಾಂವ?” ಎಂದಳು ಒಂದು ದಿನ.

“ಯಾರೂ ಅಲ್ಲ ಅಜ್ಜಿ, ಉದಾಹರಣಿ.”

“ಯಾರೂ ಅಲ್ಲದಾಂವಗ ಗಾಡಿ ತುಂಬ ನಿಂಬಿಕಾಯಿ ಎಲ್ಲಿಂದ ಬಂದ್ವು?”

ಮುಂದಿನ ವಾರ ಅ ತನ್ನ ಕುದುರೆಯನ್ನು ಬ ನಿಗೆ ಮಾರಿದ. ಮಾತಾಡುವ ಹೊತ್ತಿಗೆ ಕುದುರೆ ಸತ್ತೇ ಹೋಗಿತ್ತು, ಇಬ್ಬರಿಗೂ ಗೊತ್ತಿರಲಿಲ್ಲ. ಅಜ್ಜಿ ಮೊರ ಕೆಳಗಿಟ್ಟಳು. “ಪಾಪ, ಬ ಗ ಒಂದು ದಿನಾನೂ ಸುಖ ಇಲ್ಲ ನೋಡು” ಎಂದಳು. ಅಲ್ಲಿಂದ ಅವಳಿಗೆ ಬ ನ ಮೇಲೆ ಮಮತೆ ಹುಟ್ಟಿತು. ನಾನು ಬಸ್ಸಿಳಿದು ಬಂದರೆ ನನ್ನ ಯೋಗಕ್ಷೇಮಕ್ಕಿಂತ ಮೊದಲು “ಬ ಹ್ಯಾಂಗದಾನ?” ಎಂದು ವಿಚಾರಿಸುತ್ತಿದ್ದಳು. ನಡುವೆ ಕ ಎಂಬವನು ಕಾಣಿಸಿಕೊಂಡಾಗ ಅವನ ನಡತೆ ಅವಳಿಗೆ ಹಿಡಿಸಲಿಲ್ಲ. ನನ್ನ ಸಹಪಾಠಿಗಳಲ್ಲಿ ಯಾರೂ ಕಾಯ್ದೆಯನ್ನು ಅಷ್ಟು ಕರುಳಿಗೆ ಹಚ್ಚಿಕೊಂಡು ಕಲಿಯಲಿಲ್ಲ.

ನನ್ನ ವಿದ್ಯೆಯಿಂದ ಅಪ್ಪನಿಗೂ ಲಾಭವಾಗಲಿ ಎಂದು ಒಮ್ಮೆ ಅಂಗಡಿಯಲ್ಲಿ ಕೂತೆ. ಬಾಗಿಲಿಗೆ ತೂಗುಬಿಟ್ಟ ಇಳಕಲ್ ಸೀರೆಯನ್ನು ಮನಗೂಳಿಯ ಹೆಣ್ಣುಮಗಳೊಬ್ಬಳು ಸೆರಗು ಹಿಡಿದು ನೋಡಿ, “ಇದನ್ನ ಕೊಡ್ರಿ” ಎಂದಳು. ಬಾಗಿಲಲ್ಲಿ ತೂಗುಹಾಕಿದ ಮಾತ್ರಕ್ಕೆ ಅದು ಮಾರುತ್ತೇವೆಂಬ ಪ್ರಸ್ತಾವವಲ್ಲ, ನೀವು ಪ್ರಸ್ತಾವ ಮಾಡಿರೆಂದು ಕರೆದದ್ದು ಅಷ್ಟೇ, ಒಪ್ಪುವುದು ಬಿಡುವುದು ಅಂಗಡಿಯವರಿಗೆ ಸೇರಿದ್ದು ಎಂದು ನಾನು ಸಮಾಧಾನವಾಗಿ ತಿಳಿಸಿ ಹೇಳಿದೆ. “ಅಂದರ ಮಾರೂದಿಲ್ಲೇನವಾ?” ಎಂದಳು ಅವಳು. “ಮಾರಬೇಕು ಅಂತೇನಿಲ್ಲ” ಎಂದೆ. ಅವಳು ಸೆರಗು ಬಿಟ್ಟು ಪಕ್ಕದ ಅಂಗಡಿಗೆ ಹೋದಳು. ಗೋಡೆಯ ವ್ಯಾಜ್ಯವಿದ್ದದ್ದು ಅದೇ ಅಂಗಡಿಯವರೊಂದಿಗೆ. ಅಪ್ಪ ಗಜಕೋಲನ್ನು ಬದಿಗಿಟ್ಟು, “ನೀ ಒಳಗ ಹೋಗಿ ಓದಿಕೋ” ಎಂದ.

ಕೊನೆಯ ವರ್ಷದ ಸುಗ್ಗಿಯ ಹೊತ್ತಿಗೆ ಮುದ್ದೇಬಿಹಾಳದಿಂದ ಹೇಳಿಕೆ ಬಂತು. ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದ: “ಅಮಾಸಿ ಮುಗದ ಮ್ಯಾಲ ಸಕ್ಕರಿಪುಡಿ ಮಾಡಿ ಮುಗಸೂಣು ಅಂತ ಅಕ್ಕ ಹೇಳಿ ಕಳಿಸ್ಯಾಳ.” ಸಕ್ಕರಿಪುಡಿ ಎಂದರೆ ನಿಶ್ಚಿತಾರ್ಥ. ನಾನು ಮುರಿದ ರೊಟ್ಟಿ ತಟ್ಟೆಗಿಟ್ಟೆ.

“ನನ್ನ ಪರೀಕ್ಷಿ?”

“ಪರೀಕ್ಷಿ ಕಟ್ಟಿಕೊಂಡು ಏನು ಮಾಡ್ತಿ? ಓದಿದ್ದು ಸಾಕು. ಅಕ್ಕನ ಮನ್ಯಾಗ ಏನು ಕೋರ್ಟ್ ಐತಿ?”

ಮುದ್ದೇಬಿಹಾಳದಲ್ಲಿ ಕೋರ್ಟು ಇತ್ತು. ಆದರೆ ಗಂಗತ್ತಿಯ ಮನೆ ಅದಕ್ಕಿಂತ ದೊಡ್ಡ ಕೋರ್ಟು ಎಂಬುದು ನಮಗೆಲ್ಲ ಗೊತ್ತಿತ್ತು. ನಾನು ಕೈ ತೊಳೆದುಕೊಂಡು ವಾದಕ್ಕೆ ನಿಂತೆ. ಆ ಮಾತು ಆದಾಗ ನಾನು ಅಪ್ರಾಪ್ತ ವಯಸ್ಸಿನವಳು, ಆದ್ದರಿಂದ ಅದು ಶೂನ್ಯ ಎಂದೆ. “ತೊಟ್ಟಿಲದಾಗ ಮಲಗಿದಾಕಿ ಅಪ್ರಾಪ್ತ ಅಲ್ಲದ ಮತ್ತೇನು? ಮಾತಾಡಿದವರು ನಾವು ದೊಡ್ಡವರು” ಎಂದ ಅಪ್ಪ. ಪ್ರತಿಫಲ ಇಲ್ಲ ಎಂದೆ. “ಅಕ್ಕ ಸಕ್ಕರಿ ತಿಂದಾಳಲ್ಲ” ಎಂದ. ಅಜ್ಜಿ ಮೂಲೆಯಿಂದ, “ಮತ್ತೊಂದು ಸಲ ಬೇಡಿ ಹಾಕಿಸಿಕೊಂಡಳು” ಎಂದು ಸಾಕ್ಷಿ ನುಡಿದಳು. ಪ್ರತಿಫಲ ಎಷ್ಟು ಸಣ್ಣದಾದರೂ ನಡೆಯುತ್ತದೆಂದು ಮಾಸ್ತರರೇ ಹೇಳಿದ್ದರಲ್ಲ.

ಸಿಟ್ಟಿನಿಂದ ಎರಡು ದಿನ ಯಾರನ್ನೂ ಮಾತಾಡಿಸಲಿಲ್ಲ. ಅಜ್ಜಿ ಓಣಿಯಲ್ಲೆಲ್ಲ, “ಹುಡುಗಿ ಸುಮ್ಮನಾಗ್ಯಾಳ, ಒಪ್ಪ್ಯಾಳ” ಎಂದು ಸಾರಿಬಂದಳು. ತಪ್ಪು ಅವಳದಲ್ಲ. ನಮ್ಮ ಮನೆಗಳಲ್ಲಿ ಹುಡುಗಿ ಒಪ್ಪಿದರೆ ತಲೆ ತಗ್ಗಿಸುತ್ತಾಳೆ, ಸೆರಗು ತಿರುವುತ್ತಾಳೆ, ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಾಳೆ. ಒಪ್ಪದಿದ್ದರೂ ತಲೆ ತಗ್ಗಿಸುತ್ತಾಳೆ, ಸೆರಗು ತಿರುವುತ್ತಾಳೆ, ನೆಲ ಕೆರೆಯುತ್ತಾಳೆ. ವ್ಯತ್ಯಾಸ ಗೊತ್ತಾಗುವುದು ತಾಯಿಗೊಬ್ಬಳಿಗೆ. ನಮ್ಮವ್ವ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. “ಸುಮ್ಮನಿರೂದು ಒಪ್ಪಿಗಿ ಅಲ್ಲ ಅಜ್ಜಿ, ಕಾಯ್ದೆದಾಗ ಐತಿ” ಎಂದು ನಾನು ಕೂಗಿದೆ.

ಅಪ್ಪ ಅಂಗಡಿಗೆ ಹೊರಟವನು ತಿರುಗಿ ನಿಂತ. “ಹಂಗಾರ ಒಪ್ಪಿಲ್ಲೇನು? ಹೇಳು. ನಮ್ಮಪ್ಪ ಇದ್ದಿದ್ದರ ನಾನೇ ಹೋಗಿ ಕೇಳತಿದ್ದೆ. ಸತ್ತವರ ಮಾತು ನಾ ಹ್ಯಾಂಗ ಮುರೀಲಿ? ಅಕ್ಕಗ ಹ್ಯಾಂಗ ಮುಖ ತೋರಸಲಿ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. ನನಗೆ ಅಪ್ಪನೆಂದರೆ ಪ್ರಾಣ. ಇಲ್ಲ ಎಂಬ ಒಂದು ಶಬ್ದ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

ಸೋಮವಾರದ ಪಾಠ ಮುಕ್ತ ಸಮ್ಮತಿಯ ಬಗ್ಗೆ. ಒತ್ತಾಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಹೇಳುತ್ತ ಮಾಸ್ತರರು, “ತಲಿಗೆ ಬಂದೂಕು ಹಚ್ಚಿ ನಿಂಬಿ ತ್ವಾಟ ಬರಸಿಕೊಂಡರ” ಎಂದರು. ನಾನು ಎದ್ದು ನಿಂತೆ.

“ಸರ್, ಬೆನ್ನಿಗೆ ಗುದ್ದಿ ಮಾತು ತಗೊಂಡರ್ರಿ?”

“ಯಾರು ಯಾರಿಗೆ ಗುದ್ದಿದರು?”

“ಅ ಅನ್ನೂ ಹೆಣ್ಣುಮಗಳು ಮುದ್ದೇಬಿಹಾಳದಿಂದ ಬಂದು ತಮ್ಮನ ಕೂಸಿಗೆ ಹೆಸರಿಡೂ ಮುಂದ ಹೆಂಗಸರು ಗುದ್ದಿದರ್ರಿ. ಗುದ್ದು ತಾಳಲಾರದ, ಕೂಸನ್ನ ಮಗಗ ತಗೋತೇನಿ ಅಂದಳ್ರಿ.”

ಮಾಸ್ತರರು ಕನ್ನಡಕ ತೆಗೆದರು. “ಆ ಕೂಸು ಈಗ ಎಷ್ಟು ದೊಡ್ಡದಾಗೈತಿ?”

“ಎಲ್ಎಲ್‌ಬಿ ಕೊನೇ ವರ್ಷದಾಗ ಐತ್ರಿ.”

ಕ್ಲಾಸೆಲ್ಲ ನಕ್ಕಿತು. ಮಾಸ್ತರರು ನಗಲಿಲ್ಲ. “ಪದ್ಧತಿ ಗುದ್ದಾದರೂ ಗುದ್ದು ಗುದ್ದೇ. ಒತ್ತಾಯ ಅಂತ ವಾದ ಮಾಡಬಹುದು. ಮಾತು ರದ್ದು ಮಾಡಾಕ ಬರತೈತಿ” ಎಂದರು. ನನಗೆ ಅಲ್ಲೇ ಕುಣಿಯಬೇಕೆನಿಸಿತು. “ಆದರ ರದ್ದು ಮಾಡೂ ಹಕ್ಕು ಯಾರದು? ಗುದ್ದು ತಿಂದಾಕಿದು. ಹುಡುಗಿ ಗುದ್ದು ತಿಂದಿಲ್ಲ, ಮಾತು ಕೊಟ್ಟಿಲ್ಲ, ಮಾತು ತಗೊಂಡಿಲ್ಲ. ಇದರಾಗ ಆಕಿ ಅ ನೂ ಅಲ್ಲ, ಬ ನೂ ಅಲ್ಲ. ಆಕಿ ಗಾಡ್ಯಾಗಿನ ನಿಂಬಿಕಾಯಿ.”

ಮತ್ತೆ ನಗು. ನಾನೂ ನಕ್ಕೆ. ಹಾಸ್ಟೆಲಿನ ಕೋಣೆಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಅಷ್ಟು ವರ್ಷ ನನ್ನನ್ನು ಯಾರಿಗೆ ಕೊಡುತ್ತಾರೆ, ಯಾರು ತೆಗೆದುಕೊಳ್ಳುತ್ತಾರೆ ಎಂದೇ ಕೇಳಿಕೊಂಡು ಬೆಳೆದಿದ್ದೆ. ಅದು ಸರಕಿನ ಭಾಷೆ ಎಂದು ಹೊಳೆದದ್ದು ಆವತ್ತು. ಮರುದಿನ ಮಾಸ್ತರರು ಸೈಕಲ್ ಹಿಡಿದುಕೊಂಡು ಗೇಟಿನಲ್ಲಿ ಸಿಕ್ಕರು. “ಮನಿ ಮಾತಿಗೆ ಕೋರ್ಟು ಬಾಗಿಲಾ ತಗಿಯೂದಿಲ್ಲವಾ. ಆದರ ಗುದ್ದು ತಿಂದಾಕಿನ್ನ ಯಾರಾದರೂ ಕೇಳ್ಯಾರೇನು? ಮುದ್ದೇಬಿಹಾಳಕ್ಕ ಮುಂಜಾನಿ ಬಸ್ ಐತಿ” ಎಂದು ಹೇಳಿ ಹೊರಟುಹೋದರು.

ಆ ಬಸ್ಸಿನಲ್ಲಿ ಮನೆಗೆ ಹೇಳದೆ ಹೋದೆ. ದಾರಿಯುದ್ದಕ್ಕೂ ಕಾಯ್ದೆಯ ಕಲಮುಗಳನ್ನು ಹೊಂದಿಸಿಕೊಂಡಿದ್ದೆ; ಗಂಗತ್ತಿಯ ಹೊಸ್ತಿಲು ಕಂಡದ್ದೇ ಎಲ್ಲ ಮರೆತೆ. ಮಾಮಾ, ಅಂದರೆ ಅವಳ ಗಂಡ, ಎಂದಿನಂತೆ ಕಟ್ಟೆಯ ಮೇಲೆ ಎಲೆಯಡಿಕೆಯ ಚೀಲ ಬಿಚ್ಚಿಕೊಂಡು ಕೂತಿದ್ದರು. ಬಾಯಿ ತುಂಬಿದ್ದರಿಂದ ಕೈಯಿಂದಲೇ ಒಳಗೆ ಹೋಗೆಂದರು. ಗಂಗತ್ತಿ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು.

“ಒಬ್ಬಾಕೀನ ಬಂದ್ಯಾ? ಊರಾಗ ಎಲ್ಲಾರೂ ಆರಾಮ ಅದಾರಿಲ್ಲೋ?”

“ಅದಾರ. ಅತ್ತಿ, ನಿನಗೊಂದು ಕೇಳೂದಿತ್ತು. ನನಗ ಹೆಸರಿಟ್ಟ ದಿನ ಗುದ್ದಿದರಲ್ಲ, ಭಾಳ ನೋವಾಗಿತ್ತೇನು?”

ರೊಟ್ಟಿ ಬಡಿಯುವ ಸದ್ದು ನಿಂತಿತು. “ಇಷ್ಟು ವರ್ಸದಾಗ ಈ ಮಾತು ಯಾರೂ ಕೇಳಿಲ್ಲ ನೋಡು” ಎಂದಳು. “ನಿಮ್ಮವ್ವನ ಚಿಗವ್ವ ಒಬ್ಬಾಕಿ ಇದ್ದಳು, ಕೈ ಅಲ್ಲ ಅದು, ಒನಕಿ. ಎಂಟ ದಿನ ನಾ ಅಂಗಾತ ಮಲಗಿಲ್ಲ.”

“ಅದಕ್ಕ ಆ ಮಾತು ಅಂದ್ಯಾ?”

“ಗುದ್ದು ನಿಲ್ಲಲಿ ಅಂತ ಅಂದೆ. ಸೀರಿ ಉಡಸ್ತೇನಿ ಅನ್ನೂದಿತ್ತು, ಬಾಯಾಗ ಮಗ ಬಂದ. ಅಷ್ಟರಾಗ ಅಪ್ಪ ಒಳಗ ಬಂದು ಮಾತು ಆತು ಅಂದ. ಅಪ್ಪನ ಮುಂದ ಇಲ್ಲ ಅನ್ನೂ ತಾಕತ್ತು ಯಾರಿಗಿತ್ತು?”

“ಹಂಗಾರ ಈಗ ಸಕ್ಕರಿಪುಡಿ ಯಾಕ?”

“ನಿಮ್ಮಪ್ಪ ಕಾಯಾಕತ್ತಾನಲ್ಲವಾ. ನಾ ಬ್ಯಾಡ ಅಂದರ ತಮ್ಮ ಎಷ್ಟು ನೊಂದುಕೋತಾನ.”

“ಅಪ್ಪ ನಿನ್ನ ಸಲುವಾಗಿ ಕಾಯಾಕತ್ತಾನ ಅತ್ತಿ. ಅಕ್ಕಗ ಹ್ಯಾಂಗ ಮುಖ ತೋರಸಲಿ ಅಂತಾನ.”

ಯಾರಿಗೂ ಬೇಡದ ಮಾತನ್ನು ಎರಡು ಊರಿನವರು ಒಬ್ಬರ ಮರ್ಯಾದೆಗೆ ಇನ್ನೊಬ್ಬರು ಅಷ್ಟು ವರ್ಷ ಜೋಪಾನ ಮಾಡಿದ್ದರು. ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಹೊಗೆ ಬಂತು. ಗಂಗತ್ತಿ ಅದನ್ನು ತೆಗೆದು ಬದಿಗಿಟ್ಟು, ದನಿ ತಗ್ಗಿಸಿದಳು. ಅವಳಿಗೆ ದನಿ ತಗ್ಗಿಸಲು ಬರುತ್ತದೆಂದು ಆವತ್ತೇ ನನಗೆ ಗೊತ್ತಾದದ್ದು.

“ಸಿಂದಗಿಯಾಗ ಒಂದು ಬ್ಯಾಳಿ ಮಿಲ್ಲು ಐತಿ. ಅದರ ಮೋಟಾರ ತಿಂಗಳಿಗೊಮ್ಮಿ ಸುಡತೈತಂತ, ನಮ್ಮ ಶಿವು ಓಡತಾನ. ಅಷ್ಟು ಸುಡೂ ಮೋಟಾರ ನಾ ಎಲ್ಲೂ ಕೇಳಿಲ್ಲ. ಮಿಲ್ಲಿನವರ ಮಗಳು ಚಾ ತಂದು ಕೊಡತಾಳಂತ. ಅಜ್ಜನ ಮಾತಿಗೆ ಅಂಜಿ ಅಂವ ಬಾಯಿ ಬಿಡವಲ್ಲ.”

ನಾನು ಹಾರಿ ಕುಣಿಯಬೇಕಾಗಿತ್ತು. ನಿಜ ಹೇಳುತ್ತೇನೆ, ಮೈಯೆಲ್ಲ ಉರಿಯಿತು. ಅವನನ್ನು ಬೇಡವೆನ್ನಲು ನಾನು ಬಸ್ಸು ಹತ್ತಿ ಬಂದಿದ್ದೆ. ನಾನು ಹೇಳುವುದಕ್ಕೆ ಮೊದಲೇ ಅವನಿಗೆ ನಾನು ಬೇಡವಾಗಿರುವುದು ಯಾವ ನ್ಯಾಯ? ಆ ಸೆಡವು ವಾರಗಟ್ಟಲೆ ಹೋಗಲಿಲ್ಲ. ಸಿಂದಗಿಯ ಹುಡುಗಿಗೆ ಚಹಾ ಮಾಡಲು ಬರುತ್ತದೆಯೇ ಎಂದು ಕೂಡ ಕೇಳಿದೆನೆಂದು ಕಾಣುತ್ತದೆ.

ಗಂಗತ್ತಿ ಮಾತ್ರ ಬೇರೆಯೇ ವಿಚಾರದಲ್ಲಿದ್ದಳು. ಹಿಟ್ಟಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ನಿಮ್ಮ ಕಾಯ್ದೆದಾಗ ನಂದೂ ಬಿಡಸಾಕ ಬರತೈತೇನು?” ಎಂದಳು.

“ಏನು ಅತ್ತಿ?”

“ನನ್ನ ಮದಿವಿ. ದನದ ಪ್ಯಾಟ್ಯಾಗ ನಮ್ಮಪ್ಪ ಇವರಪ್ಪಗ ಹೂಂ ಅಂದು ಬಂದ. ನಾ ಅಂಗಳದಾಗ ಹಳ್ಳು ಆರಿಸಿಕೊಂಡು ಆಣಿಕಲ್ಲಿನ ಆಟ ಆಡಾಕತ್ತಿದ್ದೆ. ಆಟ ಮುಗೀಲಿ ಅಂದೆ, ಬಿಡಲಿಲ್ಲ, ಎಬ್ಬಿಸಿ ಸೀರಿ ಉಡಿಸಿದರು. ನನ್ನ ಯಾರೂ ಕೇಳಲಿಲ್ಲ.”

ಆ ಹೊತ್ತಿಗೆ ಸುಮ್ಮನಿದ್ದು ಅವಳ ಕೈ ಹಿಡಿಯಬೇಕಿತ್ತು. ನನಗೋ ಪರೀಕ್ಷೆ ಹತ್ತಿರ ಬಂದಿತ್ತು. ಅಪ್ರಾಪ್ತ ವಯಸ್ಸಿನವರ ಕರಾರು ಮೊದಲಿನಿಂದಲೇ ಶೂನ್ಯ, ಅದನ್ನು ಬಿಡಿಸುವ ಮಾತೇ ಇಲ್ಲ, ದೊಡ್ಡವರಾದ ಮೇಲೆ ಹಳೆಯದಕ್ಕೆ ಒಪ್ಪಿಗೆ ಕೊಡಲೂ ಬರುವುದಿಲ್ಲ, ಬೇಕಾದರೆ ಹೊಸದಾಗಿಯೇ ಮಾಡಿಕೊಳ್ಳಬೇಕು ಎಂದು ಉತ್ತರ ಒಪ್ಪಿಸಿದೆ. ಮದುವೆಗೆ ಈ ಕಾಯ್ದೆ ಹತ್ತುವುದಿಲ್ಲ ಎಂದು ಹೇಳುವುದು ಮರೆತೇಹೋಯಿತು.

“ಹೊಸದಾಗಿ ಅಂದರ? ಅವರು ಮತ್ತ ಕೇಳಬೇಕು?”

“ಹೌದು. ಮೊದಲು ಪ್ರಸ್ತಾವ ಬೇಕು.”

“ಬಿಡಿಸಿಕೊಂಡು ನಾ ಎಲ್ಲಿ ಹೋಗಲಿ, ಅವರು ಛಲೋ ಮನಶ್ಯಾರ ಅದಾರ” ಎನ್ನುತ್ತಲೇ ಗಂಗತ್ತಿ ಎದ್ದು ಕೈ ತೊಳೆದುಕೊಂಡಳು. “ಒಮ್ಮಿ ಕೇಳಲಿ.” ನಾನು ಹಿಂದಿನಿಂದ ಓಡಿದೆ.

“ಕೇಳ್ರಿ ಇಲ್ಲೆ” ಎಂದಳು ಕಟ್ಟೆಯ ಬಳಿ ನಿಂತು. “ನನ್ನ ಮದಿವಿ ಆಗತೀಯೇನು ಅಂತ ಕೇಳ್ರಿ.”

ಮಾಮಾ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆಯೆತ್ತಿದರು. “ಯಾರನ್ನ?”

“ನನ್ನ.”

“ಅದು ಆಗಿ ಕಾಲ ಆತಲ್ಲ.”

“ಅದು ನಡಿಯೂದಿಲ್ಲಂತ. ವಕೀಲಕಿ ಹೇಳಾಕತ್ತಾಳ.”

ಅವರು ನನ್ನ ಕಡೆ ನೋಡಿದರು. “ಹೌದ್ರಿ ಮಾಮಾ” ಎಂದೆ. ನನ್ನ ಮೊದಲ ತೀರ್ಪು ಅದು. ಮಾಮಾ ಮಾತು ಬೆಳೆಸುವವರಲ್ಲ. ಎದ್ದು ಅಂಗಳದ ಮೂಲೆಗೆ ಹೋಗಿ ಬಾಯಲ್ಲಿದ್ದದ್ದನ್ನು ಉಗುಳಿ, ನೀರು ಮುಕ್ಕಳಿಸಿ, ಗೂಟಕ್ಕೆ ಹಾಕಿದ್ದ ಟೊಪ್ಪಿಗೆ ತಂದು ತಲೆಗಿಟ್ಟುಕೊಂಡರು. ಅವರು ಹೆಂಡತಿಯನ್ನು ‘ಏ’ ಎಂದು ಕರೆದದ್ದನ್ನಷ್ಟೇ ನಾನು ಕೇಳಿದ್ದೆ. “ಗಂಗವ್ವಾ” ಎಂದರು. “ನನ್ನ ಮದಿವಿ ಆಗತೀಯೇನು?”

ಗಂಗತ್ತಿ ಸೆರಗು ತಲೆಯ ಮೇಲೆಳೆದುಕೊಂಡಳು. ಅಷ್ಟು ದೊಡ್ಡ ಹೆಂಗಸು ತಲೆ ತಗ್ಗಿಸಿ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಳು. ಆಮೇಲೆ ತಲೆಯೆತ್ತಿ, “ವಿಚಾರ ಮಾಡಿ ಹೇಳತೇನಿ” ಎಂದು ಒಳಗೆ ನಡೆದುಬಿಟ್ಟಳು.

ಮಾಮಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. “ಅಲ್ಲೀತನಕ ಊಟಾ ಸಿಗತೈತೇನು?” ಎಂದು ನನ್ನನ್ನು ಕೇಳಿದರು. ಕಾಯ್ದೆಯಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ.

ಮರುದಿನವೇ ಗಂಗತ್ತಿ ನನ್ನ ಜೊತೆ ಬಾಗೇವಾಡಿಗೆ ಬಂದು, “ತಮ್ಮಾ, ಗುದ್ದು ತಿಂದಾಕಿ ನಾ, ಮಾತು ಹಿಂದ ತಗೊಂಡೇನಿ. ಹುಡುಗಿ ಪರೀಕ್ಷಿಗೆ ಕುಂದರಲಿ” ಎಂದಳು. ಅಪ್ಪ ತಲೆ ತಗ್ಗಿಸಿ ಬಹಳ ಹೊತ್ತು ಸುಮ್ಮನಿದ್ದ. ನಮ್ಮ ಪದ್ಧತಿಯಂತೆ ಅದನ್ನು ಒಪ್ಪಿಗೆ ಎಂದೇ ತಿಳಿದೆವು; ಆ ರಾತ್ರಿ ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡದ್ದು ಸಾಕ್ಷಿ. ಶಿವು ಸಿಂದಗಿಯ ಹುಡುಗಿಯನ್ನು ಮದುವೆಯಾದ, ಮಿಲ್ಲಿನ ಮೋಟಾರು ಮತ್ತೆ ಸುಡಲಿಲ್ಲ. ನಾನು ಪಾಸಾದೆ, ಕರಿ ಕೋಟು ಹಾಕಿದೆ, ನನ್ನನ್ನು ಕೇಳಿದವರನ್ನೇ ಮದುವೆಯಾದೆ, ಮುಂದೆ ಸಂಜೆಯ ಹೊತ್ತು ಹುಡುಗರಿಗೆ ಕರಾರು ಕಾಯ್ದೆ ಕಲಿಸಿದೆ.

ಗಂಗತ್ತಿಯ ವಿಚಾರ ಮಾತ್ರ ಮುಗಿಯಲಿಲ್ಲ. ಪ್ರತಿ ಯುಗಾದಿಗೆ ಮಾಮಾ ಬಾಯಿ ಮುಕ್ಕಳಿಸಿ, ಟೊಪ್ಪಿಗೆ ಹಾಕಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ವಿಚಾರ ಆತೇನು?” ಎಂದು ಕೇಳುವರು. “ನಡದೈತ್ರಿ” ಎನ್ನುವಳು ಅವಳು. ಮೊಮ್ಮಕ್ಕಳ ಎದುರಿಗೂ ಇದು ನಡೆಯಿತು. ಮನೆಗೆ ಬಂದವರಿಗೆ ಮಾಮಾ, “ನನಗಿನ್ನೂ ಕನ್ಯಾ ಗೊತ್ತಾಗಿಲ್ರಿ” ಎಂದು ಹೇಳಿಕೊಳ್ಳುತ್ತಿದ್ದರು. ನನಗೆ ಮೊದಮೊದಲು ನಗು ಬರುತ್ತಿತ್ತು. ವರ್ಷ ಕಳೆದಂತೆ, ಅವರು ಪ್ರತಿ ಸಲ ಬಾಯಿ ಮುಕ್ಕಳಿಸಿ ಬರುವುದನ್ನು ನೋಡಿ ನಗುವುದನ್ನು ಬಿಟ್ಟೆ. ಕೇಳಿಸಿಕೊಳ್ಳುವುದು ಅವಳಿಗೆ ಹೇಗೆ ಬೇಕಾಗಿತ್ತೋ ಹಾಗೆಯೇ ಕೇಳುವುದು ಅವರಿಗೂ ಬೇಕಾಗಿತ್ತು.

ಹೋದ ಚಳಿಗಾಲದಲ್ಲಿ ಮಾಮಾ ತೀರಿಕೊಂಡರು. ತಿಂಗಳ ಹಿಂದೆ ಗಂಗತ್ತಿಯನ್ನು ನೋಡಲು ಹೋಗಿದ್ದೆ. ತೊಂಬತ್ತರ ಹತ್ತಿರದ ಮುದುಕಿ, ದನಿ ಮಾತ್ರ ಬೀದಿಯ ತುದಿಗೆ ಕೇಳುವಂಥದೇ. ಅದೂ ಇದೂ ಮಾತಾಡಿದ ಮೇಲೆ ನನಗೆ ತಡೆಯಲಾಗಲಿಲ್ಲ.

“ಅತ್ತಿ, ಮಾಮಾಗ ಉತ್ತರಾ ಹೇಳಿದ್ಯಾ?”

“ಹೇಳಿದೆ.”

“ಏನಂತ ಹೇಳಿದಿ?”

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. “ಕೇಳಿದವರು ಅವರು, ಹೇಳಿದಾಕಿ ನಾ. ನಡಕ ನೀ ಯಾರವಾ?”

ಇಬ್ಬರ ನಡುವಿನ ಕರಾರಿನಲ್ಲಿ ಮೂರನೆಯವರಿಗೆ ಹಕ್ಕಿಲ್ಲ ಎಂದು ನಾನು ಎಷ್ಟು ವರ್ಷ ಎಷ್ಟು ಹುಡುಗರಿಗೆ ಹೇಳಿದ್ದೇನೋ. ಆ ಮೂರನೆಯವಳಾಗಿ ಕೂತದ್ದು ಅದೇ ಮೊದಲು. ಗಂಗತ್ತಿ ಗೋಡೆಯ ಕಡೆ ಹೊರಳಿ ಮಲಗಿದಳು. ಅವಳ ಮುಖ ನನಗೆ ಕಾಣಿಸಲಿಲ್ಲ. ಪ್ರಶ್ನೆ ಕೇಳಿಯೇ ಹೊಟ್ಟೆ ಹೊರೆದವಳು ನಾನು, ಆದರೂ ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ. ನಿನ್ನೆ ಫೋನಿನಲ್ಲಿ ಮಾತಾಡಿದಾಗಲೂ ಕೇಳಲಿಲ್ಲ.